ಇಬ್ಬರ ನಡುವಿನ ಅಡ್ಡಿ: ಪ್ರೇಮ ಕಾದಂಬರಿ ಓದಿ ತೂಗುವ ಬಗೆ

ತಿಂಗಳ ಎರಡನೇ ಭಾನುವಾರ ಗಂಗಾವತಿಯ ನಮ್ಮ ಮನೆ ಮಾಳಿಗೆ ಮೇಲೆ ಏಳು ಜನ ಸೇರುತ್ತೇವೆ. ಇಬ್ಬರು ಟೀಚರು, ಒಬ್ಬರು ಬ್ಯಾಂಕಿನವರು, ನಾನು ರೈಸ್ ಮಿಲ್ಲಿನ ಲೆಕ್ಕ ಬರೆಯುವವಳು, ಉಳಿದವರು ಮನೆ ನೋಡಿಕೊಳ್ಳುವವರು. ಓದುವುದು ಪ್ರೇಮ ಕಾದಂಬರಿ. ಒಂದೇ ಪ್ರತಿ ಮೂರು ಮನೆ ಸುತ್ತಿ ಬಂದಿರುತ್ತದೆ. ಪುಟದ ಮೂಲೆ ಮಡಚಿರುತ್ತದೆ. ಎಲ್ಲೋ ಒಂದು ಕಡೆ ಅರಿಶಿನದ ಬೆರಳಚ್ಚು ಇದ್ದೇ ಇರುತ್ತದೆ.

"ಅದರಾಗ ತೂಗಿ ನೋಡೋದು ಏನೈತ್ರಿ? ಕಡೀಕ ಮದುವಿ ಆಗ್ತಾರ, ಮುಗೀತು" ಅನ್ನುವವರು ಬಹಳ. ಈ ಮಾತು ನನಗೆ ಒಪ್ಪಿಗೆ ಇಲ್ಲ. ನಮ್ಮ ಕಡೆ ದೊಡ್ಡಾಟ ನೋಡಲು ಬೆಳತನಕ ಕೂರುವವರಿಗೆ ಕೊನೆಗೆ ಯಾರು ಗೆಲ್ಲುತ್ತಾರೆ ಅಂತ ಗೊತ್ತಿಲ್ಲವೇ? ಗೊತ್ತಿದ್ದೇ ಕೂರುತ್ತಾರೆ. ಗೆಲುವು ಹೇಗೆ ಬರುತ್ತದೆ ಅಂತ ನೋಡಲು ಕೂರುತ್ತಾರೆ. ಪ್ರೇಮ ಕಾದಂಬರಿಯೂ ಹಾಗೇ. ಇಬ್ಬರೂ ಸೇರುತ್ತಾರೆ ಅಂತ ಓದುಗರಿಗೆ ಮೊದಲೇ ಗೊತ್ತು. ಆದರೂ 'ಸೇರದೇ ಹೋದರೆ?' ಅಂತ ಎದೆ ಹೊಡೆದುಕೊಳ್ಳುವಂತೆ ಬರೆಯಬೇಕು. ಅದು ಸಣ್ಣ ಕೆಲಸ ಅಲ್ಲ.

'ಕಾದಂಬರಿ' ಅನ್ನುವ ಪದವೇ ಒಂದು ಪ್ರೇಮಕಥೆಯಿಂದ ಬಂದದ್ದು. 7ನೇ ಶತಮಾನದಲ್ಲಿ ಬಾಣ ಸಂಸ್ಕೃತದಲ್ಲಿ ಬರೆದ ಗದ್ಯಕಥೆಯ ನಾಯಕಿಯ ಹೆಸರು ಕಾದಂಬರಿ. ಆ ಕಥೆಯನ್ನು ನಾಗವರ್ಮ ಕನ್ನಡಕ್ಕೆ ತಂದ. ಪತ್ತೇದಾರಿ ಇರಲಿ, ಯುದ್ಧದ ಕಥೆ ಇರಲಿ, ನಾವು ಇವತ್ತಿಗೂ ಅವಳ ಹೆಸರಿಟ್ಟೇ ಕರೆಯುತ್ತೇವೆ. ಪ್ರೇಮಕಥೆ ಓದುವವರು ಪುಸ್ತಕಕ್ಕೆ ಪೇಪರ್ ಸುತ್ತಿ ಮರೆಮಾಡಬೇಕಾಗಿಲ್ಲ.

ನಾನು ಓದುವ ಕ್ರಮ ಹೇಳುತ್ತೇನೆ. ಅದೆಲ್ಲ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಇವರಿಬ್ಬರ ನಡುವೆ ಇರುವ ಅಡ್ಡಿ ಯಾವುದು?

ಮೊದಲು, ಕೈಯಲ್ಲಿರುವುದು ಯಾವ ಬಗೆಯ ಪುಸ್ತಕ ನೋಡಿ

ಪ್ರೇಮ ಇರುವ ಕಾದಂಬರಿಯೆಲ್ಲ ಪ್ರೇಮ ಕಾದಂಬರಿ ಅಲ್ಲ. ಅಮೆರಿಕದಲ್ಲಿ 1980ರಲ್ಲಿ ಶುರುವಾದ ರೊಮಾನ್ಸ್ ಬರಹಗಾರರ ಸಂಘ ಇದಕ್ಕೆ ಎರಡೇ ಗುರುತು ಹೇಳಿದೆ. ಕಥೆಯ ನಟ್ಟನಡುವೆ ಪ್ರೇಮವೇ ಇರಬೇಕು. ಕೊನೆ ಮನಸ್ಸಿಗೆ ತೃಪ್ತಿಯನ್ನೂ ಭರವಸೆಯನ್ನೂ ಕೊಡಬೇಕು. ಕನ್ನಡದಲ್ಲಿ ಎರಡನೇ ಗುರುತು ಅಷ್ಟು ಕಟ್ಟುನಿಟ್ಟಲ್ಲ. ಪ್ರೀತಿಸಿದವರು ಅಗಲಿ ಹೋಗುವ ಕಥೆಗಳನ್ನೂ ನಾವು ಪ್ರೇಮ ಕಾದಂಬರಿ ಅಂತಲೇ ಓದಿದ್ದೇವೆ. ಓದೋಣ, ತಪ್ಪಿಲ್ಲ. ಆದರೆ ತೂಗುವಾಗ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಗುರುತಿಸಲು ಸುಲಭದ ದಾರಿ ಒಂದಿದೆ. ಮನಸ್ಸಲ್ಲೇ ಪ್ರೇಮದ ಭಾಗವನ್ನು ತೆಗೆದುಹಾಕಿ. ಕಥೆ ಇನ್ನೂ ನಿಂತಿದ್ದರೆ ಅದು ಬೇರೆ ಬಗೆಯ ಪುಸ್ತಕ. ಪ್ರೇಮ ಅದರಲ್ಲಿ ಊಟದ ಜೊತೆಗಿನ ಉಪ್ಪಿನಕಾಯಿ ಇದ್ದಂತೆ. ಕಥೆ ಕುಸಿದು ಬಿದ್ದರೆ ನಿಮ್ಮ ಕೈಯಲ್ಲಿರುವುದು ಪ್ರೇಮ ಕಾದಂಬರಿ.

ಇದನ್ನು ನಾನು ಕಲಿತದ್ದು ನನ್ನ ಅತ್ತಿಗೆಯಿಂದ. ಅವರು ಬಳ್ಳಾರಿಯವರು, ನನಗಿಂತ ದೊಡ್ಡ ಓದುಗರು. ಒಮ್ಮೆ ಒಂದು ಸಸ್ಪೆನ್ಸ್ ಪ್ರೇಮ ಕಾದಂಬರಿಯನ್ನು 40ನೇ ಪುಟಕ್ಕೇ ಮುಚ್ಚಿಟ್ಟಿದ್ದೆ. "ಕೊಲೆ ಯಾರು ಮಾಡ್ಯಾರ ಅಂತ ಆಗಲೇ ಗೊತ್ತಾತ್ರಿ ಅತ್ತಿಗಿ" ಅಂದೆ. ಅವರು ಅನ್ನ ಬಸಿಯುತ್ತಿದ್ದರು. ತಿರುಗಿ ನೋಡದೆ ಹೇಳಿದರು: "ಕೊಲಿ ಸುದ್ದಿ ಬಿಡು. ಆಕಿ ಅವನ್ನ ಯಾವಾಗ ನಂಬ್ತಾಳ? ಅದನ್ನ ನೋಡು." ಮತ್ತೆ ತೆಗೆದು ಓದಿದೆ. ಆಕೆ ಅವನನ್ನು ನಂಬಿದ್ದು 212ನೇ ಪುಟದಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ನನಗೆ ಕೊಲೆಗಾರನ ನೆನಪೇ ಇರಲಿಲ್ಲ.

ಹಳೆಯ ಕನ್ನಡ ಪುಸ್ತಕ ಆಗಿದ್ದರೆ ಇನ್ನೊಂದು ನೋಡಬೇಕು. ಅದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದೋ? 1965ರಿಂದ 'ಸುಧಾ', 1983ರಿಂದ 'ತರಂಗ' ಮನೆಮನೆಗೆ ಧಾರಾವಾಹಿ ತಂದವು. ಅಂಥ ಕಥೆಯಲ್ಲಿ ಪ್ರತಿ ಕಂತಿನ ಕೊನೆಗೂ ಒಂದು ಕೊಕ್ಕೆ ಇರುತ್ತದೆ. ಮುಂದಿನ ಕಂತಿನ ಶುರುವಿಗೆ ಹಿಂದಿನದರ ನೆನಪು ಬರುತ್ತದೆ. ಪುಸ್ತಕವಾಗಿ ಒಟ್ಟಿಗೆ ಓದಿದರೆ 'ಯಾಕಿಷ್ಟು ಸಲ ಅದನ್ನೇ ಹೇಳ್ತಾರೆ' ಅನ್ನಿಸುತ್ತದೆ. ಅದು ಬರೆದವರ ದೋಷ ಅಲ್ಲ. ವಾರಕ್ಕೊಂದು ಕಂತಿನಂತೆ ಓದಿ, ರುಚಿ ತಾನೇ ಬರುತ್ತದೆ.

ಎರಡನೆಯದು, ಅಡ್ಡಿಯನ್ನು ಒಂದು ಸಾಲಲ್ಲಿ ಬರೆಯಿರಿ

ಮೊದಲ 50 ಪುಟ ಓದಿ ನಿಲ್ಲಿಸಿ. ಒಂದು ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ: "ಇವರು ಸೇರಲಾರರು, ಯಾಕೆಂದರೆ..." ಈ ಸಾಲು ಮುಗಿಸಲು ಆಗದಿದ್ದರೆ ಇನ್ನೂ 20 ಪುಟ ಓದಿ. ಆಗಲೂ ಆಗದಿದ್ದರೆ ಕಾದಂಬರಿಗೆ ಬೆನ್ನುಮೂಳೆ ಇಲ್ಲ.

ಸಾಲು ಸಿಕ್ಕಿತು ಅನ್ನಿ. ಈಗ ಅದನ್ನು ಕುಟ್ಟಿ ನೋಡಬೇಕು. ನಾನೇ ಕಟ್ಟಿದ ಉದಾಹರಣೆ ಕೊಡುತ್ತೇನೆ. ಹುಡುಗ ಕಾರಟಗಿಯವನು, ಹುಡುಗಿ ಮಾನ್ವಿಯವಳು. ಒಂದು ಕಾದಂಬರಿಯಲ್ಲಿ ಅವಳು ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಜೊತೆ ನಗುತ್ತಾ ನಿಂತಿರುವುದನ್ನು ಅವನು ನೋಡುತ್ತಾನೆ. ಮುನಿಸಿಕೊಳ್ಳುತ್ತಾನೆ. 120 ಪುಟ ಆದ ಮೇಲೆ ಆ ಯಾರೋ ಅವಳ ಸೋದರಮಾವನ ಮಗ, ರಾಖಿ ಕಟ್ಟಿಸಿಕೊಂಡವನು ಅಂತ ಗೊತ್ತಾಗುತ್ತದೆ. ಒಂದು ಫೋನ್ ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು, ಅಲ್ವಾ? ಇದು ಅಡ್ಡಿ ಅಲ್ಲ, ಕಾಲಹರಣ.

ಅದೇ ಇಬ್ಬರು, ಇನ್ನೊಂದು ಕಾದಂಬರಿ. ತುಂಗಭದ್ರಾ ಎಡದಂಡೆ ಕಾಲುವೆ ಕಾರಟಗಿ ಕಡೆಯಿಂದ ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಹೋಗುತ್ತದೆ. ಮೇಲಿನವರು ಹೆಚ್ಚು ನೀರು ಎಳೆದುಕೊಂಡರೆ ಕೊನೆಭಾಗದ ಗದ್ದೆ ಒಣಗುತ್ತದೆ. ಹುಡುಗನ ಅಪ್ಪ ರಾತ್ರಿ ಕಾಲುವೆಗೆ ಪಂಪ್‌ಸೆಟ್ ಇಟ್ಟು ನೀರು ಎತ್ತುವವನು. ಹುಡುಗಿಯ ಅಪ್ಪ ಎರಡು ವರ್ಷದಿಂದ ಭತ್ತ ನಾಟಿ ಮಾಡಿಲ್ಲ. ಈಗ ಫೋನ್ ಮಾಡಿ, ನೂರು ಫೋನ್ ಮಾಡಿ, ಅಡ್ಡಿ ಹೋಗುವುದಿಲ್ಲ. ಅವಳ ಕಡೆ ನಿಲ್ಲಬೇಕಾದರೆ ಅವನು ತನ್ನ ಅಪ್ಪನ ಎದುರು ಬಾಯಿ ಬಿಡಬೇಕು. ಅವಳು ಅವನ ಮನೆಯ ಅನ್ನ ಉಣ್ಣಬೇಕಾದರೆ ಅದು ಯಾರ ನೀರಿನಿಂದ ಬೆಳೆದದ್ದು ಅನ್ನುವುದನ್ನು ನುಂಗಿಕೊಳ್ಳಬೇಕು. ಇಲ್ಲಿ ಅಡ್ಡಿ ಹೊರಗೂ ಇದೆ, ಒಳಗೂ ಇದೆ. ಹೊರಗಿನದನ್ನು ಊರು ಹಾಕಿದೆ. ಒಳಗಿನದನ್ನು ಅವರೇ ದಾಟಬೇಕು.

ಹೊರಗಿನ ಅಡ್ಡಿ ಮಾತ್ರ ಇದ್ದರೆ ಕಥೆ ಓಡುತ್ತದೆ, ಮನಸ್ಸು ತಾಗುವುದಿಲ್ಲ. ಒಳಗಿನದು ಮಾತ್ರ ಇದ್ದರೆ ಕಣ್ಣೀರು ಜಾಸ್ತಿ, ಕಥೆ ನಿಂತಲ್ಲೇ ನಿಲ್ಲುತ್ತದೆ.

ಸಸ್ಪೆನ್ಸ್ ಆಗಿದ್ದರೆ

ಸಸ್ಪೆನ್ಸ್ ಪ್ರೇಮ ಕಾದಂಬರಿಯಲ್ಲಿ ಅಡ್ಡಿಯ ಹೆಸರು ಅನುಮಾನ. 'ಇವನನ್ನು ನಂಬಲೋ ಬೇಡವೋ' ಅನ್ನುವುದೇ ಪ್ರೀತಿಯ ಪ್ರಶ್ನೆ, ಅದೇ ಜೀವದ ಪ್ರಶ್ನೆ. ಎರಡೂ ಒಂದೇ ಹಗ್ಗದ ಎಳೆಗಳಂತೆ ಹೊಸೆದಿರಬೇಕು.

ಹೊಸೆದಿದೆಯೋ ಇಲ್ಲವೋ ತಿಳಿಯಲು ಪೆನ್ಸಿಲ್ ಹಿಡಿದು ಓದಿ. ಭಯದ ಪುಟ ಬಂದಾಗ ಅಂಚಿನಲ್ಲಿ ಒಂದು ಅಡ್ಡಗೆರೆ. ಇಬ್ಬರ ಮನಸ್ಸು ಹತ್ತಿರ ಬಂದ ಅಥವಾ ದೂರ ಹೋದ ಪುಟಕ್ಕೆ ಒಂದು ಚುಕ್ಕೆ. ಪುಸ್ತಕ ಮುಗಿದ ಮೇಲೆ ಪುಟಗಳನ್ನು ಸರಸರ ತಿರುವಿ. ಗೆರೆ ಮತ್ತು ಚುಕ್ಕೆ ಒಂದೇ ಪುಟದಲ್ಲಿ ಬಿದ್ದಿರುವುದು ಎಷ್ಟು ಸಲ? 80ನೇ ಪುಟಕ್ಕೆ ಚುಕ್ಕೆಗಳು ನಿಂತು ಮತ್ತೆ 200ಕ್ಕೆ ಶುರುವಾಗಿದ್ದರೆ, ಎರಡು ಪುಸ್ತಕಗಳನ್ನು ಒಂದೇ ರಟ್ಟಿನೊಳಗೆ ಹೊಲಿದಿದ್ದಾರೆ ಅಂತ ಅರ್ಥ.

ಮುಂದೆ, ಅನುಮಾನಕ್ಕೆ ನೆಲ ಇದೆಯಾ ನೋಡಿ. ಅವನು ರಾತ್ರಿ ಎಲ್ಲಿಗೋ ಹೋಗುತ್ತಾನೆ, ಕೇಳಿದರೆ ಮಾತು ತಿರುಗಿಸುತ್ತಾನೆ. ಸರಿ. ಆದರೆ ನಿಜ ಗೊತ್ತಾದಾಗ, ಅವನು ಯಾಕೆ ಅಷ್ಟು ದಿನ ಹೇಳಲಿಲ್ಲ ಅನ್ನುವುದಕ್ಕೂ ಕಾರಣ ಸಿಗಬೇಕು. "ನಿನಗೆ ಭಯ ಆಗಬಾರದು ಅಂತ ಹೇಳಲಿಲ್ಲ" ಅನ್ನುವ ಉತ್ತರ ನನಗೆ ಸಾಲುವುದಿಲ್ಲ. ಅವಳು ಭಯದಲ್ಲೇ ಇದ್ದಳಲ್ಲ!

ಸುಳಿವುಗಳ ವಿಷಯ. ಗುಟ್ಟು ಒಡೆದ ಮೇಲೆ ಮೊದಲ ಮೂರು ಅಧ್ಯಾಯ ಮತ್ತೆ ಓದಿ. ಸುಳಿವು ಅಲ್ಲೇ, ಕಣ್ಣೆದುರೇ ಇದ್ದು ನಮಗೆ ಕಾಣದೇ ಹೋಗಿದ್ದರೆ ಬರೆದವರಿಗೆ ಕೈ ಮುಗಿಯಬೇಕು. ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಅವಳಿ ತಮ್ಮ ಬಂದರೆ ಅದು ಓದುಗರಿಗೆ ಮಾಡಿದ ಮೋಸ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಅಪಾಯದ ನೆಪದಲ್ಲಿ ನಾಯಕ ಏನೇನು ಮಾಡುತ್ತಾನೆ? ಅವಳ ಹಿಂದೆ ಹಿಂದೆ ಬರುವುದು, ಫೋನ್ ನೋಡುವುದು, 'ನಿನ್ನ ಒಳ್ಳೆಯದಕ್ಕೇ' ಅಂತ ಕೋಣೆಯಲ್ಲಿ ಕೂಡಿಹಾಕುವುದು. ಕೆಲವು ಪುಸ್ತಕಗಳು ಇದನ್ನು ಪ್ರೀತಿಯ ಆಳ ಅಂತ ತೋರಿಸುತ್ತವೆ. ಇಲ್ಲಿ ಒಂದು ಪರೀಕ್ಷೆ ಮಾಡಿ. ಇದೇ ಕೆಲಸವನ್ನು ಖಳನಾಯಕ ಮಾಡಿದ್ದರೆ ಓದುವಾಗ ಹೇಗನ್ನಿಸುತ್ತಿತ್ತು? ಮೈ ಜುಮ್ಮೆನ್ನುತ್ತಿದ್ದರೆ, ನಾಯಕ ಮಾಡಿದರೂ ಜುಮ್ಮೆನ್ನಬೇಕು. ಒಳ್ಳೆಯ ಕಾದಂಬರಿಯಲ್ಲಿ ನಾಯಕಿ ಇದನ್ನು ಪ್ರಶ್ನೆ ಮಾಡುತ್ತಾಳೆ. ಅವನು ತಪ್ಪು ಒಪ್ಪಿಕೊಂಡು ಬದಲಾಗುತ್ತಾನೆ. ನಮ್ಮ ಮಾಳಿಗೆಗೆ ಪಿಯುಸಿ ಓದುವ ಹುಡುಗಿಯರೂ ಒಮ್ಮೊಮ್ಮೆ ಬರುತ್ತಾರೆ. ಈ ಮಾತನ್ನು ನಾನು ಅವರೆದುರು ಬಿಟ್ಟು ಮುಂದೆ ಹೋಗಿದ್ದೇ ಇಲ್ಲ.

ಚಾರಿತ್ರಿಕ ಆಗಿದ್ದರೆ

ಇಲ್ಲಿ ಅಡ್ಡಿಯ ಹೆಸರು ಕಾಲ. ಇವತ್ತು ಇಲ್ಲದ, ಆಗ ಇದ್ದ ಒಂದು ಕಟ್ಟು ಅವರನ್ನು ತಡೆಯಬೇಕು. ಹಾಗಿಲ್ಲದಿದ್ದರೆ ಕಿರೀಟ, ಕುದುರೆ ಎಲ್ಲ ಸುಮ್ನೆ ವೇಷ.

ಇಂಗ್ಲಿಷ್ ಚಾರಿತ್ರಿಕ ಪ್ರೇಮ ಕಾದಂಬರಿಗಳನ್ನು ಓದುವವರಿಗೆ ರೀಜೆನ್ಸಿ ಅನ್ನುವ ಪದ ಗೊತ್ತಿರುತ್ತದೆ. ರಾಜ 3ನೇ ಜಾರ್ಜ್ ಕಾಯಿಲೆ ಬಿದ್ದು ಮಗ ರಾಜ್ಯ ನೋಡಿಕೊಂಡ 1811ರಿಂದ 1820ರ ಕಾಲ ಅದು. ಆ ಕಥೆಗಳಲ್ಲಿ ಪ್ರೇಮಿಗಳು ಗಾಡಿ ಕಟ್ಟಿಕೊಂಡು ಸ್ಕಾಟ್ಲೆಂಡಿಗೆ ಯಾಕೆ ಓಡುತ್ತಾರೆ? 1753ರ ಮದುವೆ ಕಾಯ್ದೆಯಿಂದ, ಇಂಗ್ಲೆಂಡಿನಲ್ಲಿ 21 ತುಂಬದವರು ಮನೆಯವರ ಮಾತು ಮೀರಿ ಮದುವೆಯಾಗುವುದು ಕಷ್ಟವಾಯಿತು. ಸ್ಕಾಟ್ಲೆಂಡಿಗೆ ಆ ಕಾಯ್ದೆ ಇರಲಿಲ್ಲ. ಗಡಿ ದಾಟಿದ ಕೂಡಲೇ ಸಿಗುವ ಗ್ರೆಟ್ನಾ ಗ್ರೀನ್ ಹಳ್ಳಿ ಹಾಗೆ ಹೆಸರಾಯಿತು. ಇಷ್ಟು ತಿಳಿದು ಓದಿದರೆ ಗಾಡಿಯ ಚಕ್ರ ಮುರಿದಾಗ ನಮ್ಮ ಎದೆಯೂ ಝಲ್ಲೆನ್ನುತ್ತದೆ.

ಗಡಿಯ ಕಥೆ ನಮಗೆ ಹೊಸದಲ್ಲ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ 1948ರವರೆಗೆ, ನಡುವಿನ ಕೆಲವು ವರ್ಷ ಬಿಟ್ಟರೆ, ತುಂಗಭದ್ರೆಯ ಈ ದಂಡೆಯ ಗಂಗಾವತಿ ನಿಜಾಮನದು, ಆ ದಂಡೆಯ ಕಂಪ್ಲಿ ಮದ್ರಾಸಿನದು. ಹರಿಗೋಲಿನಲ್ಲಿ ಕೂತು ಇಳಿದರೆ ಸರ್ಕಾರ ಬೇರೆ, ರೂಪಾಯಿ ಬೇರೆ. ಇಲ್ಲಿ ನಿಜಾಮನ ಹಾಲಿ ಸಿಕ್ಕಾ, ಅಲ್ಲಿ ಕಂಪನಿ ರೂಪಾಯಿ, ಆಮೇಲೆ ಸರ್ಕಾರಿ ರೂಪಾಯಿ. ಇಲ್ಲಿ ಕಚೇರಿ ಮೊದಲು ಪಾರ್ಸಿಯಲ್ಲಿ, ಆಮೇಲೆ ಉರ್ದುವಿನಲ್ಲಿ, ಅಲ್ಲಿ ಇಂಗ್ಲಿಷಿನಲ್ಲಿ. ಕಂಪ್ಲಿಯ ಹುಡುಗ, ಗಂಗಾವತಿಯ ಹುಡುಗಿ, 1947ರ ಕೊನೆ. ಆ ಕಡೆ ಸ್ವಾತಂತ್ರ್ಯ ಬಂದಿದೆ, ಈ ಕಡೆ ಬಂದಿಲ್ಲ. ನಿಜಾಮನ ಪರ ನಿಂತ ರಜಾಕಾರರ ದಂಡಿನ ಹೆದರಿಕೆಗೆ ಜನ ಹೊಳೆ ದಾಟುತ್ತಿದ್ದಾರೆ. ಇದಕ್ಕಿಂತ ಗಟ್ಟಿಯಾದ ಅಡ್ಡಿ ಬೇಕಾ? ಈ ಕಾಲದ ಕಥೆ ಓದುವಾಗ ನಾನು ಹುಡುಕುವುದು ಇದನ್ನೇ. ಹೊಳೆ ದಾಟುವುದು ಬರೆದವರಿಗೆ ಬರೀ ಹೊಳೆ ದಾಟುವುದೋ, ದೇಶ ದಾಟುವುದೋ?

ವಿಜಯನಗರದ ಕಥೆಗಳು ಜಾಸ್ತಿ ಬರುತ್ತವೆ. ಅವನ್ನು ತೂಗುವಾಗ ತಟ್ಟೆಯಿಂದ ಶುರು ಮಾಡಿ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರು ಬಂದ ಮೇಲೆ ನಮಗೆ ಸಿಕ್ಕಿದ್ದು. ಶೇಂಗಾ, ಟೊಮೆಟೊ, ಆಲೂಗಡ್ಡೆ, ಪೇರಲ ಕೂಡ ಹಾಗೇ. ಮಿರ್ಚಿ ಇಲ್ಲದ ಬಳ್ಳಾರಿಯನ್ನು ಊಹಿಸುವುದೇ ಕಷ್ಟ. ಆದರೆ ವಿಜಯನಗರಕ್ಕೂ ಸ್ವಲ್ಪ ಮೊದಲಿನ ವೀರ, ಕುಮ್ಮಟದುರ್ಗದ ಕುಮಾರರಾಮನ ಕಾಲ 14ನೇ ಶತಮಾನದ ಆರಂಭ. ಆಗಿನ ಖಾರ ಅಂದರೆ ಕರಿಮೆಣಸು, ಶುಂಠಿ, ಹಿಪ್ಪಲಿ. ಆ ಕಾಲದ ನಾಯಕಿ ಕೆಂಪು ಖಾರ ಅರೆಯುತ್ತಿದ್ದರೆ ಅಂಚಿನಲ್ಲಿ ಒಂದು ಗುರುತು ಹಾಕಿ.

ದೂರವನ್ನೂ ಲೆಕ್ಕ ಹಾಕಿ. ಹಂಪಿಯಿಂದ ರಾಯಚೂರಿಗೆ ನೇರ ಗೆರೆ ಎಳೆದರೂ ಸುಮಾರು 140 ಕಿ.ಮೀ. 1520ರ ರಾಯಚೂರು ಯುದ್ಧದ ನಡುವೆ ನಾಯಕ ಒಂದೇ ಕುದುರೆಯ ಮೇಲೆ ಸಂಜೆ ಹೊರಟು, ಅವಳನ್ನು ನೋಡಿ, ಬೆಳಗಾಗುವುದರೊಳಗೆ ವಾಪಸ್ ಬಂದರೆ ಆ ಕುದುರೆ ಬದುಕುವುದಿಲ್ಲ. 1950ರ ಕಥೆಯಲ್ಲಿ ನಾಯಕಿ ಗಂಗಾವತಿ ಸ್ಟೇಷನ್ನಿನಲ್ಲಿ ರೈಲು ಹತ್ತಿದರೂ ಅಷ್ಟೇ. ನಮ್ಮೂರಿಗೆ ರೈಲು ಬಂದದ್ದು 2019ರಲ್ಲಿ. ರಾಯಚೂರು ಆದರೆ ಸರಿ, ಮುಂಬೈ ಮತ್ತು ಮದ್ರಾಸ್ ಕಡೆಯ ರೈಲು ದಾರಿಗಳು ಅಲ್ಲಿ ಕೂಡಿದ್ದು 1871ರಲ್ಲೇ.

ಇಂಥ ತಪ್ಪು ಸಿಕ್ಕಿತು ಅಂತ ಪುಸ್ತಕ ಎಸೆಯಬೇಡಿ. ಮೆಣಸಿನಕಾಯಿಯ ತಪ್ಪು ಸಣ್ಣದು. ಮುಂದಿನ ಮುದ್ರಣದಲ್ಲಿ ತಿದ್ದಬಹುದು. ವಿವರ ಸರಿ ಇದ್ದೂ ಮನುಷ್ಯರೇ ಸುಳ್ಳಾಗಿದ್ದರೆ ತಿದ್ದಲು ಬರುವುದಿಲ್ಲ. ಗಂಡನನ್ನು ಬಿಟ್ಟ ಹೆಣ್ಣಿನ ಕಥೆ ನೋಡಿ. 1955ರ ಹಿಂದೂ ವಿವಾಹ ಕಾಯ್ದೆಗೆ ಮೊದಲೂ ನಮ್ಮ ಕಡೆ ಕೆಲವು ಸಮುದಾಯಗಳಲ್ಲಿ ಸೋಡಚೀಟಿ ಕೊಟ್ಟು ಬಿಡುಗಡೆ ಆಗುತ್ತಿತ್ತು, ಉಡಿಕಿಯಾಗಿ ಮತ್ತೆ ಸಂಸಾರ ಹೂಡುತ್ತಿದ್ದರು. ಇನ್ನು ಕೆಲವು ಮನೆಗಳಲ್ಲಿ ಅದು ಕನಸಲ್ಲೂ ಇಲ್ಲ. ಹಾಗಾಗಿ ನಾಯಕಿ ಯಾವ ಮನೆಯವಳು ಅನ್ನುವುದರ ಮೇಲೆ ಅವಳ ಅಡ್ಡಿ ನಿಂತಿರುತ್ತದೆ. 'ಆ ಕಾಲದ ಹೆಣ್ಣುಮಕ್ಕಳು' ಅಂತ ಎಲ್ಲರನ್ನೂ ಒಂದೇ ಗಂಟು ಕಟ್ಟುವ ಪುಸ್ತಕ ಓದಿ ಬರೆದದ್ದಲ್ಲ.

ಆಸ್ಥಾನದ ಅಥವಾ ಗುಡಿಯ ನರ್ತಕಿ ನಾಯಕಿಯಾದಾಗ ಇನ್ನೂ ಎಚ್ಚರ ಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ದೇವದಾಸಿ ಪದ್ಧತಿ ಎಷ್ಟು ಮನೆಗಳನ್ನು ಸುಟ್ಟಿದೆ ನಮಗೆ ಗೊತ್ತು. ಹುಡುಗಿಯರನ್ನು ದೇವರಿಗೆ ಬಿಟ್ಟು ಮುತ್ತು ಕಟ್ಟುವುದನ್ನು ನಿಷೇಧಿಸಿದ ರಾಜ್ಯದ ಕಾಯ್ದೆ ಬಂದದ್ದು 1982ರಲ್ಲಿ. ಗೆಜ್ಜೆಯ ಸದ್ದು, ಬೆಳದಿಂಗಳು, ರಾಜನ ನೋಟ ಎಲ್ಲ ಚೆಂದವಾಗಿ ಬರೆದಿರಬಹುದು. ನನ್ನ ಪ್ರಶ್ನೆ ಒಂದೇ. ಅವಳಿಗೆ 'ಒಲ್ಲೆ' ಅನ್ನುವ ದಾರಿ ಇತ್ತಾ? ಇರಲಿಲ್ಲ ಅಂದರೆ, ಅದು ಬರೆದವರಿಗೆ ಗೊತ್ತಿದೆಯಾ? ಗೊತ್ತಿದ್ದು ಬರೆದ ಪುಸ್ತಕದಲ್ಲಿ ಅವಳ ಮೌನಕ್ಕೂ ಅರ್ಥ ಇರುತ್ತದೆ.

ಒಳ್ಳೆಯ ಚಾರಿತ್ರಿಕ ವಿವರ ಹೇಗಿರುತ್ತದೆ ಅನ್ನುವುದಕ್ಕೂ ಒಂದು ಮಾತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಹರಿಗೋಲುಗಳನ್ನು ಬುಟ್ಟಿಗೆ ಹೋಲಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, 15-20 ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ, ಎತ್ತು ಕೂಡ. ಇದನ್ನು ಹಾಗೇ ಎತ್ತಿ ಒಂದು ಪುಟ ತುಂಬಿಸಿದರೆ ಪಾಠದ ಪುಸ್ತಕ. ಆದರೆ ಹರಿಗೋಲು ದುಂಡಗಿದೆ, ಬೇರೆ ಕೂರಲು ಮೂಲೆ ಇಲ್ಲ, ತಿರುಗುತ್ತಾ ಹೋಗುತ್ತದೆ. ಮುಖ ತಿರುಗಿಸಿ ಕೂತವಳಿಗೂ ಅವನ ಮುಖವೇ ಎದುರಿಗೆ ಬರುತ್ತದೆ ಅಂತ ಬರೆದರೆ? ಅಲ್ಲಿ ಚರಿತ್ರೆಯೂ ಪ್ರೇಮವೂ ಒಂದೇ ಸಾಲಲ್ಲಿ ಬಂತು.

ಮಾತನ್ನು ಕಿವಿಯಿಂದ ಓದಿ

ಎರಡು ಪುಟ ಸಂಭಾಷಣೆ ಜೋರಾಗಿ ಓದಿ. ಕಥೆ ನಡೆಯುವುದು ಕುಷ್ಟಗಿಯಲ್ಲಿ, ಮಾತು ಮಾತ್ರ ಮೈಸೂರಿನದಾಗಿದ್ದರೆ ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಹಾಗಂತ ಸಾಲಿಗೆ ನಾಲ್ಕು 'ರೀ' ಸೇರಿಸಿದರೆ ನಮ್ಮ ಭಾಷೆ ಆಗುವುದಿಲ್ಲ. ಅವನು ಅವಳಿಗೆ ಯಾವಾಗ 'ನೀವು' ಬಿಟ್ಟು 'ನೀ' ಅಂದ? ಕನ್ನಡ ಪ್ರೇಮ ಕಾದಂಬರಿಯಲ್ಲಿ ಆ ಒಂದು ಪುಟ ಮುತ್ತಿಡುವ ಪುಟಕ್ಕಿಂತ ದೊಡ್ಡದು. ಬರೆದವರು ಅದನ್ನು ಗಮನಿಸದೆ ದಾಟಿಸಿದ್ದರೆ ನನಗೆ ನಿಜವಾಗಿ ಬೇಸರ ಆಗುತ್ತದೆ.

ಕೊನೆಯ ಪುಟ, ಆಮೇಲೆ ಚೀಟಿ

ಅಂತ್ಯಕ್ಕೆ ಬಂದಾಗ ಮೊದಲು ಬರೆದ ಚೀಟಿ ತೆಗೆಯಿರಿ. ಆ ಅಡ್ಡಿಯನ್ನು ತೆಗೆದವರು ಯಾರು? ಇಬ್ಬರೂ ಏನೋ ಕಳೆದುಕೊಂಡು, ಏನೋ ಬಿಟ್ಟುಕೊಟ್ಟು ತೆಗೆದಿದ್ದರೆ ಸುಖಾಂತ್ಯ ಅವರ ಸಂಪಾದನೆ. ಹಟಮಾರಿ ಅಪ್ಪ ಹೃದಯಾಘಾತದಿಂದ ತೀರಿಕೊಂಡು ದಾರಿ ಬಿಟ್ಟಿದ್ದರೆ, ಕಾದಂಬರಿ ತಾನೇ ಹಾಕಿದ ಗಂಟನ್ನು ಬಿಚ್ಚಲಾರದೆ ಕತ್ತರಿಸಿದೆ. ಯಾವಾಗಲೂ ಹೆಣ್ಣೇ ಕೆಲಸ ಬಿಟ್ಟಳು, ಊರು ಬಿಟ್ಟಳು ಅಂತಿದ್ದರೂ ಗುರುತು ಹಾಕಿಕೊಳ್ಳಿ.

ಐದಕ್ಕೆ ಎಷ್ಟು ಅಂತ ಅಂಕ ಕೊಡುವುದು ನನಗೆ ಇಷ್ಟ ಇಲ್ಲ. ನಮ್ಮ ಮಾಳಿಗೆಯಲ್ಲಿ ಚೀಟಿಯ ಹಿಂದೆ ಮೂರು ಸಾಲು ಬರೆಯುತ್ತೇವೆ. ಅಡ್ಡಿ ಏನು, ತೆಗೆದವರು ಯಾರು, ನಾನು ಮತ್ತೆ ತೆಗೆದು ಓದಿದ ಪುಟ ಯಾವುದು. ಮೂರನೆಯದಕ್ಕೆ ಸುಳ್ಳು ಬರೆಯಬೇಡಿ. ಬರವಣಿಗೆ ಸಾಧಾರಣ ಇದ್ದೂ ಒಂದು ಪುಟ ನಿಮ್ಮನ್ನು ಹಿಡಿದು ಕೂರಿಸಿರಬಹುದು. ಆ ಪುಟದ ನಂಬರ್ ಬರೆಯಲೇಬೇಕು.

ಲೈಬ್ರರಿಯ ಪುಸ್ತಕ ಆದರೆ ಅಂಚಿನ ಗೆರೆ, ಚುಕ್ಕೆಗಳನ್ನು ರಬ್ಬರಿನಿಂದ ಅಳಿಸಿ ಕೊಡಿ. ಚೀಟಿಯನ್ನು ಮಾತ್ರ ಒಳಗೇ ಬಿಡಿ. ಹೋದ ತಿಂಗಳು ನಾನು ತಂದ ಪುಸ್ತಕದಲ್ಲಿ ಯಾರದೋ ಚೀಟಿ ಇತ್ತು, ಹಳೆಯ ಬಸ್ ಟಿಕೆಟ್ಟಿನ ಹಿಂದೆ ಬರೆದದ್ದು: "ಪುಟ 167. ಆಕಿ ಬಾಗಲಾ ತಗದ್ಲು." ನಾನು ಇನ್ನೂ 90ನೇ ಪುಟದಲ್ಲಿದ್ದೆ. ಆ ರಾತ್ರಿ ಒಂದೂವರೆ ಗಂಟೆಯವರೆಗೆ ಕೂತು 167 ಮುಟ್ಟಿದೆ.